ಗಾಡಿಗೆ ಪ್ಲಗ್ ಬಂದ ಕತೆ

ರಾತ್ರಿಯಿಡೀ ಚಾರ್ಜಿಗೆ ಹಾಕಿದ ಗಾಡಿ. ಮೀಟರ್ ನೋಡಿದರೆ ಬ್ಯಾಟರಿ ಪೂರ್ತಿ ತುಂಬಿದೆ. ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಸದ್ದಿಲ್ಲದೆ ಹೊರಡಬೇಕಾದದ್ದು ಪೆಟ್ರೋಲ್ ಇಂಜಿನ್ ಹಚ್ಚಿಕೊಂಡು ಗುರುಗುಟ್ಟತೊಡಗುತ್ತದೆ. ಗೋಡೆಯ ಪ್ಲಗ್ಗಿನಿಂದ ತುಂಬುವ ಬ್ಯಾಟರಿಯೂ ಪೆಟ್ರೋಲ್ ಇಂಜಿನ್ನೂ ಇರುವ ‘ಪ್ಲಗ್-ಇನ್ ಹೈಬ್ರಿಡ್’ ಜೀಪನ್ನು ಹೊಸದಾಗಿ ಕೊಂಡವರು ಮೊದಲು ಗಾಬರಿಬೀಳುವುದು ಇಲ್ಲೇ. ಕೈಗೆ ಬಂದ ವಾರಕ್ಕೇ ಕೆಟ್ಟಿತು ಎಂದು ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ. ಮೈ ಕೊರೆಯುವ ಚಳಿಯಿದ್ದರೆ ಇಂಜಿನ್ ಹಚ್ಚಿಕೊಳ್ಳುವ ಗಾಡಿಗಳಿವೆ. ಇನ್ನೊಂದು ಕಾರಣ ಟ್ಯಾಂಕಿನಲ್ಲಿದೆ. ತಿಂಗಳುಗಟ್ಟಲೆ ಕರೆಂಟಿನಲ್ಲೇ ಓಡಿಸಿದರೆ ಪೆಟ್ರೋಲ್ ನಿಂತಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಒಂದೆರಡು ನಿಮಿಷ ಹೊತ್ತಿ ಆರುವ ಇಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಅದರ ಆಯಿಲಿಗೆ ಇಳಿದು ಬೆರೆಯುತ್ತದೆ. ಆದ್ದರಿಂದ ಗಾಡಿಯ ಕಂಪ್ಯೂಟರ್ ದಿನ ಲೆಕ್ಕ ಹಾಕಿ, ಹೊತ್ತು ಬಂದಾಗ ಇಂಜಿನನ್ನು ತಾನೇ ಓಡಿಸುತ್ತದೆ. 2010ರ ಕೊನೆಗೆ ಅಮೆರಿಕದಲ್ಲಿ ಬಂದ ಶೆವರ್ಲೆ ವೋಲ್ಟ್ ಕಾರಿನಲ್ಲೇ ಈ ಏರ್ಪಾಡಿತ್ತು. ಸುಮಾರು ಆರು ವಾರ ಇಂಜಿನ್ ಹಚ್ಚದೆ ಬಿಟ್ಟರೆ ಅದು ತಾನಾಗಿ ಹೊತ್ತಿಕೊಳ್ಳುತ್ತಿತ್ತು; ಟ್ಯಾಂಕಿನ ಪೆಟ್ರೋಲಿಗೆ ವರ್ಷ ತುಂಬಿದರೆ ಅದನ್ನು ಉರಿಸಿ ಖಾಲಿ ಮಾಡುತ್ತಿತ್ತು.

ಇಂಜಿನ್ನನ್ನೂ ಮೋಟರನ್ನೂ ಒಂದೇ ಗಾಡಿಗೆ ಹೂಡುವ ಈ ಸಂಗತಿ ಜೋಡೆತ್ತು ಕಟ್ಟಿದವರಿಗೆ ಬೇಗ ಅರ್ಥವಾಗುತ್ತದೆ. ಎತ್ತು ಎರಡೂ ಗಟ್ಟಿಯಿದ್ದರೆ ಸಾಲದು, ನೊಗದಲ್ಲಿ ಹೊಂದಿಕೊಳ್ಳಬೇಕು. ಪೆಟ್ರೋಲ್ ಇಂಜಿನ್, ಕರೆಂಟಿನ ಮೋಟರ್ ಎರಡೂ ಹತ್ತೊಂಬತ್ತನೆಯ ಶತಮಾನದಲ್ಲೇ ಇದ್ದವು. ನೂರು ವರ್ಷ ಹಿಡಿದದ್ದು ಸರಿಹೊಂದುವ ನೊಗ ಹುಡುಕುವುದಕ್ಕೆ.

ಮೊದಮೊದಲ ನೊಗಗಳಲ್ಲೊಂದನ್ನು ಕಟ್ಟಿದ್ದು ವಿಯೆನ್ನಾದಲ್ಲಿ, 1900ರಲ್ಲಿ. ಲುಡ್ವಿಗ್ ಲೋನರ್ ಎಂಬುವರ ಸಾರೋಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಫರ್ಡಿನಾಂಡ್ ಪೋರ್ಷೆಗೆ ಆಗ 25ರ ಹರೆಯ. ಚಕ್ರದ ಗುಂಬದೊಳಗೇ ಮೋಟರ್ ಕೂರಿಸಿ ಅವರು ಮಾಡಿದ್ದ ಬ್ಯಾಟರಿ ಗಾಡಿ ಆ ವರ್ಷದ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಹೆಸರು ಮಾಡಿತ್ತು. ಆದರೆ ಸೀಸದ ಬ್ಯಾಟರಿಯ ಭಾರ ವಿಪರೀತ. ಇಂಗ್ಲೆಂಡಿನ ಗಿರಾಕಿಯೊಬ್ಬರು ನಾಲ್ಕೂ ಚಕ್ರಕ್ಕೆ ಮೋಟರ್ ಬೇಕೆಂದು ಮಾಡಿಸಿಕೊಂಡ ಗಾಡಿಯಲ್ಲಿ ಬ್ಯಾಟರಿಯೊಂದೇ ಸುಮಾರು 1,800 ಕಿಲೋ ತೂಗುತ್ತಿತ್ತು. ಪೋರ್ಷೆ ಬ್ಯಾಟರಿಯನ್ನು ಕಿರಿದು ಮಾಡಿ, ಎರಡು ಪುಟ್ಟ ಪೆಟ್ರೋಲ್ ಇಂಜಿನ್ ಇಟ್ಟು, ಒಂದೊಂದಕ್ಕೂ ಒಂದು ಡೈನಮೋ ಕಟ್ಟಿದರು. ಇಂಜಿನ್ ಚಕ್ರ ತಿರುಗಿಸುವುದಿಲ್ಲ, ಕರೆಂಟ್ ಹುಟ್ಟಿಸುತ್ತದೆ. ಚಕ್ರ ತಿರುಗಿಸುವುದು ಮೋಟರ್. ಗಾಡಿಗೆ ಇಟ್ಟ ಹೆಸರು ‘ಸೆಂಪರ್ ವೀವುಸ್’, ಲ್ಯಾಟಿನ್ನಿನಲ್ಲಿ ‘ಸದಾ ಜೀವಂತ’. ಆದರೆ ಬ್ಯಾಟರಿಗೆ ದೂಳು ಮೆತ್ತುತ್ತಿತ್ತು, ಭಾರಕ್ಕೆ ಟೈರ್ ತಡೆಯುತ್ತಿರಲಿಲ್ಲ, ಇಂಜಿನ್ನಿಗೂ ಬ್ಯಾಟರಿಗೂ ಸರಿಯಾಗಿ ಹೊಂದುತ್ತಿರಲಿಲ್ಲ. ಮುಂದೆ ಪೆಟ್ರೋಲ್ ಅಗ್ಗವಾಯಿತು, ಗಾಡಿ ಮರೆಗೆ ಸರಿಯಿತು.

ಎಪ್ಪತ್ತರ ದಶಕದಲ್ಲಿ ಅಮೆರಿಕದ ವಿಕ್ಟರ್ ವೋಕ್ ಈ ಜೋಡಿಯ ಯೋಚನೆಯನ್ನು ಮತ್ತೆ ಕೈಗೆತ್ತಿಕೊಂಡರು. ಒಂದು ಬ್ಯೂಕ್ ಸ್ಕೈಲಾರ್ಕ್ ಕಾರಿನ ಇಂಜಿನ್ ಕಿತ್ತು, ಅಲ್ಲಿ ಚಿಕ್ಕ ಮಾಜ್ದಾ ಇಂಜಿನ್ನನ್ನೂ ಒಂದು ಮೋಟರನ್ನೂ ಕೂರಿಸಿದರು. 1974ರಲ್ಲಿ ಸರ್ಕಾರದ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯಿತು. ಗಾಡಿ ಓಡಿತು, ಹೊಗೆ ತಗ್ಗಿತು. ಸರ್ಕಾರ ಮಾತ್ರ ಯೋಜನೆಯನ್ನು ಮುಂದಕ್ಕೆ ಒಯ್ಯಲಿಲ್ಲ. ಇಷ್ಟು ದುಡಿದ ಒಬ್ಬ ಎಂಜಿನಿಯರಿಗೆ ಹಾಗಾಗಬಾರದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಪ್ಲಗ್ಗಿನ ಮಾತನ್ನು ಬಿಡದೆ ಹಿಡಿದವರು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರ್ಯೂ ಫ್ರಾಂಕ್. ಅವರ ಲೆಕ್ಕ ಸರಳ. ಹೆಚ್ಚಿನವರು ದಿನಕ್ಕೆ ಓಡಾಡುವ ದೂರ ಕಡಿಮೆ. ಅಷ್ಟು ದೂರಕ್ಕೆ ಸಾಕಾಗುವ ಬ್ಯಾಟರಿಯಿಟ್ಟು, ರಾತ್ರಿ ಮನೆಯ ಗೋಡೆಯ ಪ್ಲಗ್ಗಿನಿಂದ ತುಂಬಿಸಿಕೊಂಡರೆ ಪೆಟ್ರೋಲ್ ದೂರದೂರಿನ ಪ್ರಯಾಣಕ್ಕೆ ಮಾತ್ರ ಬೇಕು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅವರು ಒಂದಾದಮೇಲೊಂದು ಕಾರನ್ನು ಹಾಗೆ ಬದಲಾಯಿಸಿದರು. 2000ದ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಆ ತಂಡ ಬದಲಾಯಿಸಿದ್ದು ಎಮ್ಮೆಯಂಥ ಶೆವರ್ಲೆ ಸಬರ್ಬನ್. ಕಾರು ಕಂಪನಿಗಳು ಕಿವಿಗೊಡಲಿಲ್ಲ.

ಅತ್ತ ಜಪಾನಿನಲ್ಲಿ ಟೊಯೊಟಾದ ತಾಕೇಶಿ ಉಚಿಯಾಮಾದಾ ಅವರ ತಂಡ ಪ್ರಿಯಸ್ ಕಟ್ಟುತ್ತಿತ್ತು. 1995ರ ಕೊನೆಗೆ ಮೊದಲ ಮಾದರಿ ತಯಾರಾಯಿತು. ಕೂತು ಚಾಲೂ ಮಾಡಿದರೆ ಗಾಡಿ ಅಲುಗಲಿಲ್ಲ. ಮರುದಿನವೂ ಇಲ್ಲ. ಹೀಗೆ 49 ದಿನ! ಇಂಜಿನ್ ಸರಿಯಿತ್ತು, ಮೋಟರ್ ಸರಿಯಿತ್ತು, ಬ್ಯಾಟರಿ ಇತ್ತು. ಯಾರು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ಹೇಳುವ ಕಂಪ್ಯೂಟರಿನ ಬುದ್ಧಿಯಲ್ಲಿ ಎಲ್ಲೋ ಗಂಟು ಬಿದ್ದಿತ್ತು. ಎಂಜಿನಿಯರುಗಳು ದಿನವೂ ರಾತ್ರಿಯವರೆಗೆ ಕೂತು ಒಂದೊಂದೇ ಗಂಟು ಬಿಡಿಸಿದರು. ಐವತ್ತನೆಯ ದಿನದ ಹೊತ್ತಿಗೆ ಗಾಡಿ ಹೊರಟಿತು, ಕೆಲವು ನೂರು ಮೀಟರ್ ಹೋಗಿ ಮತ್ತೆ ನಿಂತಿತು. 1997ರ ಡಿಸೆಂಬರಿನಲ್ಲಿ ಅದೇ ಪ್ರಿಯಸ್ ಜಪಾನಿನ ಅಂಗಡಿಗೆ ಬಂತು.

ಆದರೆ ಪ್ರಿಯಸ್ಸಿಗೆ ಪ್ಲಗ್ ಇರಲಿಲ್ಲ. ಚಾರ್ಜಿಗೆ ಹಾಕುವ ಗೋಜೇ ಇಲ್ಲ ಎಂಬುದೇ ಕಂಪನಿಯ ಜಾಹೀರಾತಿನ ಹೆಮ್ಮೆ. ಎರಡನೆಯ ಪೀಳಿಗೆಯ ಪ್ರಿಯಸ್ ಬಂದಾಗ ಜಪಾನಿನ ಗಾಡಿಯಲ್ಲಿ ಬರೀ ಕರೆಂಟಿನಲ್ಲಿ ಓಡಿಸುವ ಒಂದು ಗುಂಡಿಯಿತ್ತು. ಅಮೆರಿಕದ ಗಾಡಿಯಲ್ಲಿ ಆ ಜಾಗಕ್ಕೆ ಖಾಲಿ ಮುಚ್ಚಳ. ಅಲ್ಲಿನ ಮಾಲೀಕರು ಸುಮ್ಮನಿರಲಿಲ್ಲ. ಕಂಪ್ಯೂಟರಿನ ತಂತಿಗಳನ್ನು ತಡಕಿ, ಯಾವ ತಂತಿಗೆ ಗುಂಡಿ ಕಟ್ಟಿದರೆ ಆ ಸೌಲಭ್ಯ ಎಚ್ಚರಗೊಳ್ಳುತ್ತದೆಂದು ಕಂಡುಕೊಂಡರು. ಬುದ್ಧಿ ಗಾಡಿಯೊಳಗೆ ಮೊದಲೇ ಇತ್ತು, ಗುಂಡಿ ಮಾತ್ರ ಇರಲಿಲ್ಲ.

ಅಲ್ಲಿಂದ ಒಂದು ಹೆಜ್ಜೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟೆ ಮಡೆರಾ ಊರಿನ ಒಂದು ಮನೆಯ ಗ್ಯಾರೇಜಿನಲ್ಲಿ ರಾನ್ ಗ್ರೆಂಬನ್ ಎಂಬ ಎಂಜಿನಿಯರ್ ಗೆಳೆಯರೊಂದಿಗೆ ಕೂಡಿ ಪ್ರಿಯಸ್ಸಿನ ಹಿಂಭಾಗ ಬಿಚ್ಚಿದರು. ಜೊತೆಗೆ ನಿಂತವರು ಫೀಲಿಕ್ಸ್ ಕ್ರೇಮರ್ ಕಟ್ಟಿದ ‘ಕ್ಯಾಲ್‌ಕಾರ್ಸ್’ ಸಂಘದವರು. ಸಾಮಾನಿಡುವ ಜಾಗದಲ್ಲಿ ಎಲೆಕ್ಟ್ರಿಕ್ ಸೈಕಲ್ಲಿಗೆ ಹಾಕುವ ಸಾಮಾನ್ಯ ಸೀಸದ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರು. ಕಷ್ಟದ ಕೆಲಸ ಅದಲ್ಲ. ಬ್ಯಾಟರಿ ಅತಿಯಾಗಿ ತುಂಬಲೂಬಾರದು, ಅತಿಯಾಗಿ ಇಳಿಯಲೂಬಾರದು ಎಂದು ಕಾಯುವ ಕಂಪ್ಯೂಟರ್ ಇಂಜಿನ್ನನ್ನು ಪದೇ ಪದೇ ಕರೆಯುತ್ತಿತ್ತು. ಬ್ಯಾಟರಿ ಇನ್ನೂ ತುಂಬಿಯೇ ಇದೆ ಎಂದು ಅದಕ್ಕೆ ಸಂಕೇತ ಕೊಡುವ ಸರ್ಕ್ಯೂಟ್ ಮಾಡಿದಮೇಲೆ ಇಂಜಿನ್ ಸುಮ್ಮನಾಯಿತು. ನಿಧಾನವಾಗಿ ಓಡಿಸಿದರೆ ಸುಮಾರು 10 ಮೈಲಿ ಬರೀ ಗೋಡೆಯ ಕರೆಂಟಿನಲ್ಲಿ. ದೂರ ಹೆಚ್ಚೇನಲ್ಲ. ಆದರೆ ಆಗದು ಎನ್ನುತ್ತಿದ್ದ ಕೆಲಸ ಒಂದು ಗ್ಯಾರೇಜಿನಲ್ಲಿ, ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಆಗಿತ್ತು. ಗಾಡಿಗೆ ಪ್ಲಗ್ ಬೇಕೆಂದು ಜಗತ್ತಿಗೆ ತೋರಿಸಿಕೊಟ್ಟವರು ಬಳಸುವವರೇ ಎಂದು ನಾನು ನಂಬುತ್ತೇನೆ. 2008ರ ಡಿಸೆಂಬರಿನಲ್ಲಿ ಚೀನಾದ ಬಿವೈಡಿ ಕಂಪನಿ ಪ್ಲಗ್ ಇರುವ ಹೈಬ್ರಿಡ್ ಕಾರನ್ನು ಮಾರಾಟಕ್ಕೆ ಇಟ್ಟಿತು.

ಕೆಸರಿಗಿಳಿದು ಏರು ಹತ್ತುವ ಗಾಡಿಗೆ ಪ್ಲಗ್ ಬಂದದ್ದು 2013ರ ಜನವರಿಯಲ್ಲಿ, ಜಪಾನಿನ ಮಿತ್ಸುಬಿಶಿ ಔಟ್‌ಲ್ಯಾಂಡರ್ ಮೂಲಕ. ಮುಂದಿನ ಚಕ್ರಗಳಿಗೊಂದು ಮೋಟರ್, ಹಿಂದಿನವಕ್ಕೊಂದು. ನಡುವೆ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಸಾಮಾನ್ಯ ಅರ್ಥದ ಗೇರ್‌ಬಾಕ್ಸೂ ಇಲ್ಲ. ನಿಧಾನದಲ್ಲಿ 2 ಲೀಟರಿನ ಇಂಜಿನ್ ಕರೆಂಟ್ ಹುಟ್ಟಿಸುತ್ತದೆ, ಹೆದ್ದಾರಿಯ ವೇಗದಲ್ಲಿ ಕ್ಲಚ್ ಹಿಡಿದು ಮುಂದಿನ ಚಕ್ರಕ್ಕೆ ನೇರವಾಗಿ ಹೆಗಲು ಕೊಡುತ್ತದೆ. ಮುಂದಿನ ಚಕ್ರ ಕೆಸರಿನಲ್ಲಿ ಜಾರಿದರೆ ಹಿಂದಿನ ಮೋಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತಳ್ಳುತ್ತದೆ. ವಿಯೆನ್ನಾದ ಗಾಡಿ ಕಂಡ ಕನಸು ಇದೇ.

ಎರಡೇ ತಿಂಗಳು. ಮಾರ್ಚಿನಲ್ಲಿ ಒಂದು ಔಟ್‌ಲ್ಯಾಂಡರಿನ ಬ್ಯಾಟರಿ ಅತಿಯಾಗಿ ಕಾದು ಕರಗಿತು. ಅದೇ ದಿನಗಳಲ್ಲಿ ಕಂಪನಿಯ ಮಿಜುಶಿಮಾ ಕಾರ್ಖಾನೆಯಲ್ಲಿ ಇನ್ನೊಂದು ಬಗೆಯ ಕಾರಿನ ಬ್ಯಾಟರಿಗೆ ಬೆಂಕಿ ಹತ್ತಿತು. ಕಂಪನಿ ತಯಾರಿಕೆ ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ, ಪೆಟ್ರೋಲಿನಲ್ಲಷ್ಟೇ ಓಡಿಸಿ ಎಂದು ಮಾಲೀಕರನ್ನು ಕೇಳಿಕೊಂಡಿತು. ಗಾಡಿಯ ಕಂಪ್ಯೂಟರಿನಲ್ಲೋ ಚಾರ್ಜರಿನಲ್ಲೋ ತಪ್ಪಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಹುಡುಕುತ್ತ ಹೋದವರು ಮುಟ್ಟಿದ್ದು ಬ್ಯಾಟರಿಯ ಕೋಶ ತಯಾರಾಗುವ ಕಾರ್ಖಾನೆಯನ್ನು. ಅಲ್ಲಿ ಕೆಟ್ಟ ಕೋಶಗಳನ್ನು ಬೇರ್ಪಡಿಸಲು ನಡೆಸುತ್ತಿದ್ದ ಪರಿಶೀಲನೆಯ ಹಂತದಲ್ಲೇ ಒಳ್ಳೆಯ ಕೋಶಗಳಿಗೆ ಅತಿಯಾದ ಆಘಾತ ಬಿದ್ದು, ಒಳಗೆ ಶಾರ್ಟ್ ಆಗಿರುವ ಸಾಧ್ಯತೆ ಕಂಡಿತು. ಆ ಹಂತವನ್ನು ಸರಿಪಡಿಸಿ, ಕೊಟ್ಟ ಗಾಡಿಗಳನ್ನು ವಾಪಸ್ ಕರೆದು ಬ್ಯಾಟರಿ ಬದಲಿಸಿ, ಆಗಸ್ಟಿನಲ್ಲಿ ಮತ್ತೆ ತಯಾರಿಕೆ ಶುರುವಾಯಿತು.

ಇವತ್ತಿನ ಗಾಡಿಗಳ ತಕರಾರುಗಳೂ ಬಹುಪಾಲು ನೊಗದವೇ. ಅಡಿಯಲ್ಲಿ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಕಲ್ಲಿನಂತೆ ಕೂತುಬಿಡುವುದುಂಟು. ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುವುದು, ಕಂಪ್ಯೂಟರನ್ನು ಎಬ್ಬಿಸುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ವಾರಗಟ್ಟಲೆ ನಿಲ್ಲಿಸಿ ಊರಿಗೆ ಹೋದಾಗ ಇಳಿದುಹೋಗುವುದು ಅದು. ಇನ್ನೊಂದು, ಘಟ್ಟದ ಮೇಲೆ ಮನೆಯಿದ್ದವರ ಅನುಭವ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಮಡಿಕೇರಿಯಿಂದ ಸಂಪಾಜೆಯತ್ತ ಇಳಿದರೆ, ಇಳಿಜಾರಿನಲ್ಲಿ ಹುಟ್ಟುವ ಕರೆಂಟನ್ನು ಇಟ್ಟುಕೊಳ್ಳಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಮೋಟರಿನ ಹಿಡಿತ ಸಡಿಲವಾಗಿ ಬ್ರೇಕಿನ ಅನುಭವವೇ ಬೇರೆಯಾಗುತ್ತದೆ. ಅಂಥವರು ರಾತ್ರಿ ಸ್ವಲ್ಪ ಕಡಿಮೆ ತುಂಬಿಸುವುದು ಒಳ್ಳೆಯದು.

ಇಂಥ ಗಾಡಿ ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಕೈಪಿಡಿಯಲ್ಲಿ ಇಂಜಿನ್ ತಾನಾಗಿ ಹಚ್ಚಿಕೊಳ್ಳುವ ಸಂದರ್ಭಗಳ ಪುಟವನ್ನು ಮೊದಲ ದಿನವೇ ಓದಿ. ದಿನದ ಓಡಾಟವೆಲ್ಲ ಕರೆಂಟಿನಲ್ಲೇ ಆಗುವುದಾದರೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಬೇಡಿ. ತಿಂಗಳಿಗೊಮ್ಮೆ ಹೆದ್ದಾರಿಗೆ ಒಯ್ದು ಇಂಜಿನ್ ಚೆನ್ನಾಗಿ ಬಿಸಿಯೇರುವವರೆಗೆ ಓಡಿಸಿ.