ಬನಶಂಕರಿಯ ತಗಡಿನ ಥೇಟರುಗಳಲ್ಲಿ ನಟರ ಬಾಳುವೆ

ಬಾದಾಮಿಯ ಮೊದಲನೆಯ ಗುಹೆಯ ಬಳಿ ಹದಿನೆಂಟು ತೋಳುಗಳ ನರ್ತಿಸುವ ಶಿವನ ಮೂರ್ತಿಯಿರುವದು. ದೇಶವಿದೇಶಗಳಿಂದ ಬಂದ ಪ್ರವಾಸಿಕರು ಆ ಕಲ್ಲಿನ ನಟನ ಮುಂದೆ ವಿಸ್ಮಿತರಾಗಿ ನಿಂತು, ಮಂಗಲೇಶನು ಕ್ರಿ.ಶ. 578ರಲ್ಲಿ ಕೊರೆಯಿಸಿದ ಮೂರನೆಯ ಗುಹೆಯನ್ನೂ ಅಗಸ್ತ್ಯತೀರ್ಥವನ್ನೂ ನೋಡಿಕೊಂಡು, ಮಧ್ಯಾಹ್ನದೊಳಗಾಗಿ ಪಟ್ಟದಕಲ್ಲಿನ ಇಲ್ಲವೆ ಹಂಪೆಯ ಹಾದಿ ಹಿಡಿಯುವರು. ಅಲ್ಲಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬನಶಂಕರಿಯ ಸನ್ನಿಧಿಯಲ್ಲಿ, ಬನದ ಹುಣ್ಣಿವೆಯ ತೇರು ಎಳೆದಂದಿನಿಂದ ಮುಂದೆ ಹೆಚ್ಚುಕಡಿಮೆ ಒಂದು ತಿಂಗಳವರೆಗೆ ಜೀವಂತ ನಟನಟಿಯರು ಇರುಳೆಲ್ಲ ಎಚ್ಚತ್ತು ನಾಟಕವಾಡುತ್ತಿರುವರೆಂಬ ಸಂಗತಿಯನ್ನು ಆ ಪ್ರವಾಸಿಕರಿಗೆ ತಿಳಿಸುವವರು ಯಾರೂ ಇಲ್ಲ. ಅವರ ಮಾತು ಹಾಗಿರಲಿ. ಬೆಂಗಳೂರಿನಿಂದ ಸರಕಾರೀ ಮೋಟಾರಿನಲ್ಲಿ ಬಂದು ಹೋಗುವ ನಮ್ಮ ಅಧಿಕಾರಿಗಳಲ್ಲಿಯೂ ಎಷ್ಟು ಜನರು ಆ ತಗಡಿನ ಗೋಡೆಗಳ ಒಳಗೆ ಕಾಲಿಟ್ಟಿರುವರು?

ಜಾತ್ರೆಯ ಬಯಲಿನಲ್ಲಿ ಹತ್ತರ ಆಚೀಚೆ ನಾಟಕ ಕಂಪನಿಗಳು ಒಂದರ ಮಗ್ಗುಲಲ್ಲೊಂದು ಥೇಟರು ಹಾಕಿಕೊಂಡಿರುವವು. ಒಂದು ಕಂಪನಿಯ ಧ್ವನಿವರ್ಧಕವು ಕೂಗಿದ್ದು ಇನ್ನೊಂದು ಕಂಪನಿಯ ಅರಮನೆಯ ಪರದೆಯ ಮುಂದೆ ಕೇಳಿಸುವದು. ಬಾಗಿಲು ಚೌಕಟ್ಟುಗಳ ಸಾಲು, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು, ಖಡಕ್ ರೊಟ್ಟಿ ಇವುಗಳ ನಡುವೆ ನಾಟಕವೂ ಜಾತ್ರೆಯ ಒಂದು ಸರಕೇ ಆಗಿರುವದು. ಹಾಗೆಂದು ನಾವು ಅದನ್ನು ಹೀನೈಸುವದಿಲ್ಲ. ಹಳ್ಳಿಯಿಂದ ಮಕ್ಕಳುಮರಿಗಳೊಡನೆ ಬಂದ ಒಕ್ಕಲಿಗನಿಗೆ ಪುಷ್ಯಮಾಸದ ಚಳಿಯಲ್ಲಿ ತಂಗಲು ಬೇರೆ ಸ್ಥಳವೆಲ್ಲಿ? ನಾಟಕದ ತಿಕೀಟೇ ಅವನ ಇರುಳಿನ ವಸತಿಯೂ ಆಗುವದು. ಒಂದು ಥೇಟರಿನಿಂದ ಎದ್ದು ಇನ್ನೊಂದಕ್ಕೆ ಹೋಗಿ, ನಡುವೆ ಚಹ ಕುಡಿದು, ಬೆಳಗಾಗುವ ಹೊತ್ತಿಗೆ ಅವನು ತನ್ನ ಬಂಡಿಗೋ ಟ್ರ್ಯಾಕ್ಟರಿಗೋ ಮರಳುವನು.

ಈ ಏರ್ಪಾಟಿನಲ್ಲಿ ಪ್ರೇಕ್ಷಕನು ಸರದಿಯಂತೆ ಬದಲಾಗುವನು. ನಟನು ಮಾತ್ರ ಬದಲಾಗನು. ಒಂದೇ ನಾಟಕವನ್ನು ಒಂದೇ ಇರುಳಿನಲ್ಲಿ ಎರಡು ಮೂರು ಸಲ, ನೂಕುನುಗ್ಗಲಿನ ದಿವಸ ಅದಕ್ಕೂ ಹೆಚ್ಚು ಸಲ ಆಡಬೇಕಾಗುವದು. ನಾವು ಒಂದು ಸಲ ಕೊನೆಯ ಆಟದ ವೇಳೆಗೆ ಪರದೆಯ ಹಿಂದೆ ಹೋಗಿ ಕುಳಿತಿದ್ದೆವು. ತಾಯಿಯ ಪಾತ್ರ ವಹಿಸಿದ ಹಿರಿಯ ನಟಿಯು ಆ ರಾತ್ರಿ ಎರಡು ಸಲ ಸತ್ತು, ಎರಡು ಸಲ ಎದ್ದು, ಮೂರನೆಯ ಸಾವಿಗೆ ಕುಂಕುಮ ತಿದ್ದಿಕೊಳ್ಳುತ್ತಿದ್ದಳು. ಪೇಟಿ ಮಾಸ್ತರರು ಒಂದು ಕೈಯಿಂದ ಶ್ರುತಿ ಹಿಡಿದು ಇನ್ನೊಂದು ಕೈಯಿಂದ ಕಣ್ಣುಜ್ಜಿಕೊಳ್ಳುತ್ತಿದ್ದರು. ಹಾಸ್ಯಪಾತ್ರದವನಿಗೆ ಜ್ವರವಿದ್ದಿತು. ಅವನು ರಂಗಕ್ಕೆ ಹೋಗಿ ನಗಿಸಿ ಬಂದು, ನಮ್ಮ ಮುಂದೆಯೇ ಟ್ರಂಕಿನ ಮೇಲೆ ಒರಗಿ ನಡುಗುತ್ತ ಮಲಗಿದನು. ಬದಲಿ ನಟರಿಲ್ಲವೇ ಎಂದು ಕೇಳಿದೆವು. ಜಾತ್ರೆಯ ದಿವಸಗಳಲ್ಲಿ ಬದಲಿ ಎಂಬ ಮಾತೇ ಇಲ್ಲವೆಂದು ಯಜಮಾನರು ಸಂಕೋಚದಿಂದಲೇ ಹೇಳಿದರು.

ಯಜಮಾನರನ್ನು ದೂರುವದು ಸುಲಭ. ಆದರೆ ಲೆಕ್ಕವನ್ನು ನೋಡಬೇಕು. ವೃತ್ತಿ ಕಂಪನಿಯ ವರ್ಷವು ಸಮವಾದ ಹನ್ನೆರಡು ತಿಂಗಳುಗಳ ವರ್ಷವಲ್ಲ. ಮಳೆಗಾಲದಲ್ಲಿ ಯಾವುದಾದರೊಂದು ಊರಿನಲ್ಲಿ ಮೊಕ್ಕಾಂ ಹೂಡಿ ಅರೆತುಂಬಿದ ಬಾಕುಗಳ ಮುಂದೆ ಆಡುತ್ತ ಸಾಲ ಬೆಳೆಸುವರು. ಆ ಸಾಲವನ್ನು ತೀರಿಸುವದು ಬನಶಂಕರಿಯಂತಹ ಜಾತ್ರೆಗಳು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ. ಕಲಾವಿದನಿಗೆ ಮೊದಲೇ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳುವದು ಕಂಪನಿಗಳ ಹಳೆಯ ವಾಡಿಕೆ. ಮಗಳ ಮದುವೆಗೋ ಮನೆಯವರ ಔಷಧೋಪಚಾರಕ್ಕೋ ಪಡೆದ ಮುಂಗಡವು ಮುರಿಯುವತನಕ ನಟನು ಆ ಕಂಪನಿಯವನು. ಬೇರೆ ಕಂಪನಿಗೆ ಹೋಗಬೇಕಾದರೆ ಆ ಯಜಮಾನನು ಈ ಯಜಮಾನನ ಬಾಕಿ ತೀರಿಸಬೇಕು. ಹೀಗೆ ಸಾಲವು ಕೈಯಿಂದ ಕೈಗೆ ಸಾಗುವದೇ ಹೊರತು ನಟನ ತಲೆಯಿಂದ ಇಳಿಯುವದಿಲ್ಲ. ಯಜಮಾನನೂ ಸಾಹುಕಾರನಿಗೆ ಇದೇ ರೀತಿ ಕಟ್ಟುಬಿದ್ದವನು. ಥೇಟರಿನ ಜಾಗದ ಬಾಡಿಗೆ, ವಿದ್ಯುತ್ತು, ಪರವಾನಗಿ, ಲಾರಿಯ ಖರ್ಚು ಇವೆಲ್ಲ ಮೊದಲ ತಿಕೀಟು ಮಾರುವದಕ್ಕಿಂತ ಮುಂಚೆಯೇ ಹೊರಡುವ ಹಣ.

ಆದಕಾರಣ ಜಾತ್ರೆಯೇ ನಿಂತರೆ ಏನಾಗುವದೆಂಬುದನ್ನು ವಾಚಕರು ಊಹಿಸಬಲ್ಲರು. ಊಹಿಸುವ ಅಗತ್ಯವೂ ಇಲ್ಲ, ನಾವೆಲ್ಲರೂ ಕಂಡಿರುವೆವು. ಕೋವಿಡ್ ಬೇನೆಯ ನಿಮಿತ್ತ 2021ರಲ್ಲಿಯೂ 2022ರಲ್ಲಿಯೂ ಬನಶಂಕರಿ ಜಾತ್ರೆಗೆ ನಿರ್ಬಂಧ ಬಿದ್ದಿತು. ಜನರ ಪ್ರಾಣರಕ್ಷಣೆಗಾಗಿ ವಿಧಿಸಿದ ನಿರ್ಬಂಧವನ್ನು ನಾವು ಆಕ್ಷೇಪಿಸುವದಿಲ್ಲ. ಆದರೆ ರಾಜಹಂಸದ ಕಿರೀಟ ತೊಟ್ಟು ಸಂವಾದ ಹೇಳುತ್ತಿದ್ದವರು ಕಾಯಿಪಲ್ಯ ಮಾರಿಯೂ, ಗೌಂಡಿಯ ಕೈಕೆಳಗೆ ದುಡಿದೂ ಹೊಟ್ಟೆ ಹೊರೆದುದು, ಪರದೆಗಳು ಸುತ್ತಿಟ್ಟಲ್ಲಿಯೇ ಹುಳ ತಿಂದುಹೋದುದು ನಿರ್ಬಂಧದ ಆಜ್ಞೆಯಲ್ಲಿ ಬರೆದಿರಲಿಲ್ಲ. ಅದು ತಾನಾಗಿಯೇ ಆಯಿತು.

ಈ ಸೀಮೆಯು ರಂಗಭೂಮಿಗೆ ಏನು ಕೊಟ್ಟಿದೆ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆವು. ಇದೇ ಜಿಲ್ಲೆಯ ಬೀಳಗಿಯಿಂದ ಹೊರಟ ಸೋದರಿಯರಲ್ಲಿ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರೊಡನೆ ಮರಾಠಿ ರಂಗದಲ್ಲಿ ಮೆರೆದರು. ಅಮೀರಬಾಯಿ ಕರ್ನಾಟಕಿಯವರ ಕಂಠವು ಮುಂಬಯಿಯ ಚಿತ್ರಪಟಗಳ ಮೂಲಕ ಭರತಖಂಡವನ್ನೆಲ್ಲ ಮುಟ್ಟಿತು. ಬೆಳಗಾವಿಯ ಸೀಮೆಯ ಏಣಗಿ ಬಾಳಪ್ಪನವರು ತುಂಬುಬಾಳು ಬಾಳಿ 2017ರಲ್ಲಿ ತೀರಿಕೊಳ್ಳುವತನಕ ಕಂಪನಿ ನಾಟಕದ ಜೀವಂತ ಚರಿತ್ರೆಯಾಗಿದ್ದರು. ದಕ್ಷಿಣದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪನಿಯ ಕೀರ್ತಿಯನ್ನು ಹೇಳುವ ನಾವು, ಉತ್ತರದ ಈ ಅಲೆಮಾರಿ ಕಂಪನಿಗಳು ಇನ್ನೂ ಉಸಿರಾಡುತ್ತಿರುವವೆಂಬುದನ್ನು ಹಲವು ವೇಳೆ ಮರೆತುಬಿಡುವೆವು.

ಇಂದಿನ ನಾಟಕಗಳ ಹೆಸರುಗಳನ್ನು ಕೇಳಿ ಮೂಗು ಮುರಿಯುವವರುಂಟು. ದ್ವಂದ್ವಾರ್ಥದ ಮಾತು, ಕೀಳು ಹಾಸ್ಯ ಹೆಚ್ಚಾಗಿರುವದು ನಿಜ. ನಮಗೂ ಅದು ಹಿಡಿಸದು, ಕೆಲವು ಫಲಕಗಳನ್ನು ಮನೆಯವರೊಡನೆ ಓದುವಂತೆಯೇ ಇರುವದಿಲ್ಲ. ಆದರೆ ಹತ್ತು ಥೇಟರುಗಳು ಒಂದೇ ಬಯಲಿನಲ್ಲಿ ಒಂದೇ ಗಿರಾಕಿಯನ್ನು ಕೂಗುತ್ತಿರುವಾಗ, ತಿಂಗಳೊಂದರಲ್ಲಿ ವರ್ಷದ ಬಾಕಿ ತೀರಬೇಕಾಗಿರುವಾಗ, ಎಲ್ಲರಿಗಿಂತ ಗಟ್ಟಿಯಾಗಿ ಕೂಗುವ ಹೆಸರೇ ಗೆಲ್ಲುವದು. ಅದೇ ಕಂಪನಿಗಳ ಪೆಟ್ಟಿಗೆಗಳಲ್ಲಿ ಪೌರಾಣಿಕದ ಆಯುಧಗಳೂ ಇರುವವು, ಕಂದಗಲ್ಲ ಹನುಮಂತರಾಯರ ನಾಟಕಗಳನ್ನು ಬಾಯಿಪಾಠ ಬಲ್ಲ ಮುದುಕರೂ ಮೂಲೆಯಲ್ಲಿ ಕುಳಿತಿರುವರು. ಅಂತಹ ನಾಟಕಕ್ಕೆ ಒಂದು ಇರುಳಿನ ನಷ್ಟವನ್ನು ತುಂಬಿಕೊಡುವವರಿದ್ದರೆ ಆಡುವದಕ್ಕೆ ಅವರು ಸಿದ್ಧರು. ರುಚಿ ಕೆಟ್ಟಿತೆಂದು ಬೈಯುವವರು ಜೇಬಿಗೆ ಕೈ ಹಾಕಿದುದನ್ನು ನಾವು ಕಂಡಿಲ್ಲ.

ವೃದ್ಧ ಕಲಾವಿದರಿಗೆ ಸರಕಾರವು ಮಾಸಾಶನ ಕೊಡುತ್ತಿರುವದು, ಅದು ಶ್ಲಾಘ್ಯವಾದ ಕಾರ್ಯ. ಆದರೆ ಊರಿಂದೂರಿಗೆ ಅಲೆದ ನಟನು ತಾನು ಇಂತಿಷ್ಟು ವರ್ಷ ರಂಗದಲ್ಲಿದ್ದೆನೆಂಬುದಕ್ಕೆ ಯಾವ ಕಾಗದವನ್ನು ತಂದು ತೋರಿಸಬೇಕು? ಕಂಪನಿಯು ಮುರಿದುಹೋಗಿರುವದು, ಯಜಮಾನನು ಸತ್ತಿರುವನು, ಕರಪತ್ರದಲ್ಲಿ ನಾಯಕಿಯ ಹೆಸರಿದ್ದೀತು, ದೂತನ ಹೆಸರಿರದು. ಅವನ ಮಕ್ಕಳು ಮೂರು ತಿಂಗಳಿಗೊಂದು ಸಾಲೆ ಬದಲಿಸುವರು, ಅಥವಾ ಅಜ್ಜಿಯ ಬಳಿ ಊರಲ್ಲಿಯೇ ಉಳಿದು ತಂದೆಯ ಮುಖವನ್ನು ವರ್ಷಕ್ಕೆರಡು ಸಲ ಕಾಣುವರು. ಮೋಟಾರು ಚಾಲಕರಿಗೂ ಕಟ್ಟಡದ ಕೂಲಿಕಾರರಿಗೂ ಕಾಯಿದೆಯಲ್ಲಿ ಹೆಸರಿದೆ. ನಾಟಕದ ಕೂಲಿಕಾರನು ಕಲಾವಿದನೆಂಬ ಗೌರವದ ಹೆಸರು ಪಡೆದು ಆ ಪಟ್ಟಿಯಿಂದ ಬಹುಕಾಲ ಹೊರಗುಳಿದಿದ್ದನು.

ನಾವು ದೊಡ್ಡ ಬೇಡಿಕೆಗಳನ್ನು ಮುಂದಿಡುವದಿಲ್ಲ. ಜಾತ್ರೆಗೆ ಮುಂಚೆ ನೀರು, ದೀಪ, ಪೋಲೀಸು ಬಂದೋಬಸ್ತುಗಳ ಸಲುವಾಗಿ ಅಧಿಕಾರಿಗಳು ಸಭೆ ಸೇರುವದುಂಟು. ಥೇಟರುಗಳ ಜಾಗಕ್ಕೂ ವಿದ್ಯುತ್ತಿಗೂ ಒಂದು ನಿಶ್ಚಿತವಾದ, ಸಹಿಸಬಹುದಾದ ದರವನ್ನು ಅದೇ ಸಭೆಯಲ್ಲಿ ಗೊತ್ತುಪಡಿಸಬಹುದು. ಥೇಟರುಗಳ ಮಗ್ಗುಲಲ್ಲಿ ರಾತ್ರಿಯ ಹೊತ್ತು ಒಬ್ಬ ವೈದ್ಯರು ಇರುವಂತೆ ಮಾಡಬಹುದು. ಒಬ್ಬ ಗುಮಾಸ್ತನು ಪುಸ್ತಕ ಹಿಡಿದುಕೊಂಡು ಥೇಟರಿನಿಂದ ಥೇಟರಿಗೆ ಹೋಗಿ, ನಾಯಕನಿಂದ ಹಿಡಿದು ಪರದೆ ಎಳೆಯುವವನವರೆಗೆ ಪ್ರತಿಯೊಬ್ಬರ ಹೆಸರು, ಊರು, ಸೇವೆಯ ವರ್ಷಗಳನ್ನು ಬರೆದುಕೊಂಡರೆ ಮಾಸಾಶನದ ಅರ್ಜಿಗೆ ಬೇಕಾದ ಕಾಗದವು ತಾನಾಗಿಯೇ ಸಿದ್ಧವಾಗುವದು. ಇಷ್ಟು ನಟರು ಒಂದೇ ಬಯಲಿನಲ್ಲಿ ಒಂದು ತಿಂಗಳು ಕೈಗೆ ಸಿಕ್ಕುವ ಪ್ರಸಂಗವು ವರ್ಷದಲ್ಲಿ ಇನ್ನೊಂದಿಲ್ಲ. ಆ ಸಭೆಗೆ ಕಂಪನಿಗಳ ಯಜಮಾನರೊಡನೆ ನಟರಲ್ಲೊಬ್ಬರನ್ನೂ ನಟಿಯರಲ್ಲೊಬ್ಬರನ್ನೂ ಕರೆಯಿಸಬೇಕು. ಸಭೆಯನ್ನು ಬೆಳಿಗ್ಗೆ ಹತ್ತು ಘಂಟೆಗೆ ಇಡಬಾರದು, ಆಗ ಅವರು ನಿದ್ರೆಯಲ್ಲಿರುವರು.