ಒಂದೇ ಮೊಟ್ಟೆ, ನೂರು ದಿನದ ಕಾವಲು: ಮುತ್ತತ್ತಿ ಕಾಡಿನ ಹಾವು ಗಿಡುಗ

ಹದ್ದು ಅಂದ ತಕ್ಷಣ ನಮ್ಮ ಕಡೆಯವರಿಗೆ ಎರಡು ಹಕ್ಕಿ ನೆನಪಾಗುತ್ತವೆ. ಒಂದು, ಕೋಳಿಮರಿ ಎತ್ತಿಕೊಂಡು ಹೋಗೋ ಕಂದು ಹದ್ದು. ಇನ್ನೊಂದು, ಕಂಡ ಕೂಡಲೇ ಕೈ ಮುಗಿಯೋ ಬಿಳಿ ಎದೆಯ ಗರುಡ. ಮಂಡ್ಯ ಜಿಲ್ಲೆಯವರಿಗೆ ಗರುಡನ ಮೇಲೆ ಪ್ರೀತಿ ಒಂದು ತೂಕ ಹೆಚ್ಚೇ. ಮೇಲುಕೋಟೆ ಚೆಲುವನಾರಾಯಣನಿಗೆ ವೈರಮುಡಿ ತಂದುಕೊಟ್ಟವನು ಅವನೇ ಅನ್ನೋದು ನಂಬಿಕೆ.

ಪುರಾಣದ ಗರುಡ ಹಾವುಗಳ ವೈರಿ. ಆದರೆ ನಾವು ಕೈ ಮುಗಿಯೋ ಹಕ್ಕಿ ಹೆಚ್ಚಾಗಿ ಬದುಕೋದು ಮೀನು, ಏಡಿ, ಸತ್ತ ಪ್ರಾಣಿಗಳನ್ನ ತಿಂದು. ಹಾವನ್ನೇ ಮುಖ್ಯ ಊಟ ಮಾಡಿಕೊಂಡಿರೋ ಹಕ್ಕಿ ಬೇರೆ ಇದೆ. ಅದನ್ನ ನೋಡೋಕೆ ಮದ್ದೂರಲ್ಲಿ ವಡೆ ತಿಂದು, ಮಳವಳ್ಳಿ, ಹಲಗೂರು ದಾಟಿ ಮುತ್ತತ್ತಿ ಕಾಡಿನ ತನಕ ಹೋಗಬೇಕು. ಅದರ ಹೆಸರು ಜುಟ್ಟಿನ ಹಾವು ಗಿಡುಗ. ಇಂಗ್ಲಿಷ್‌ನಲ್ಲಿ ಕ್ರೆಸ್ಟೆಡ್ ಸರ್ಪೆಂಟ್ ಈಗಲ್. ವಿಜ್ಞಾನಿಗಳು ಕೊಟ್ಟ ಹೆಸರು ಸ್ಪೈಲಾರ್ನಿಸ್ ಚೀಲಾ. ಈ 'ಚೀಲಾ' ಬಂದಿದ್ದು ಹಿಂದಿಯ 'ಚೀಲ್'ನಿಂದ, ಅಂದ್ರೆ ಹದ್ದು ಅಂತಲೇ.

ಗುರುತು ಹಿಡಿಯೋದು ಹೇಗೆ?

ಕೂತಿದ್ದಾಗ ಮೊದಲು ಕಣ್ಣಿಗೆ ಬೀಳೋದು ಮುಖದ ಹಳದಿ. ಕಣ್ಣಿಂದ ಕೊಕ್ಕಿನವರೆಗೆ ಪುಕ್ಕ ಇಲ್ಲದ ಚರ್ಮ, ಅರಿಶಿನ ಬಳಿದ ಹಾಗೆ. ಮೈ ಕಡು ಕಂದು, ಎದೆ-ಹೊಟ್ಟೆಯ ಮೇಲೆ ಬಿಳಿ ಚುಕ್ಕೆ. ತಲೆಯ ಹಿಂದೆ ಕಪ್ಪು-ಬಿಳಿ ಜುಟ್ಟು ಸುಮ್ಮನೆ ಮಲಗಿರುತ್ತದೆ. ಗಾಬರಿಯಾದರೆ ಬೀಸಣಿಗೆ ಥರ ಬಿಚ್ಚಿಕೊಳ್ಳುತ್ತದೆ. ಮರಿಗಳ ತಲೆ ಮಾತ್ರ ಬಿಳಿಬಿಳಿ. ಹಾಗಾಗಿ ಎಷ್ಟೋ ಜನ ಅದನ್ನ ಬೇರೆ ಹಕ್ಕಿ ಅಂದ್ಕೊಳ್ತಾರೆ.

ಹಾರುವಾಗ ಗುರುತು ಇನ್ನೂ ಸುಲಭ. ಅಗಲವಾದ ರೆಕ್ಕೆಯ ಹಿಂಬದಿಯಲ್ಲಿ ಉದ್ದಕ್ಕೂ ಒಂದು ಬಿಳಿ ಪಟ್ಟೆ, ಕಪ್ಪು ಬಾಲದ ನಡುವೆ ಇನ್ನೊಂದು ಬಿಳಿ ಪಟ್ಟೆ. ರೆಕ್ಕೆಗಳನ್ನ ಸ್ವಲ್ಪ ಮೇಲಕ್ಕೆತ್ತಿ ತೇಲುತ್ತಿರುತ್ತದೆ. ಊರಿನ ಹದ್ದಿನ ಬಾಲ ಕವಲು, ಇದರದ್ದು ದುಂಡು.

ಬೆಳಗ್ಗೆ ಬೇಗ ಹೋಗಿ ಆಕಾಶ ನೋಡಿದ್ರೆ ಪ್ರಯೋಜನ ಇಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಬಿಸಿ ಗಾಳಿ ಮೇಲೇಳುತ್ತಲ್ಲ, ಅದನ್ನೇ ಏಣಿ ಮಾಡಿಕೊಂಡು ರೆಕ್ಕೆ ಬಡಿಯದೆ ಸುತ್ತಿ ಸುತ್ತಿ ಏರುತ್ತದೆ. ಏರುತ್ತಾ ಕೂಗುತ್ತದೆ: ಮೊದಲು ಉದ್ದನೆಯ ಒಂದು ಸಿಳ್ಳೆ, ಹಿಂದೆಯೇ ಚಿಕ್ಕದಾಗಿ ಎರಡು. ನನಗಂತೂ ಈ ಹಕ್ಕಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗೋದೇ ಜಾಸ್ತಿ. ಕೂಗು ಕೇಳಿದ ಕಡೆ ತಲೆ ಎತ್ತಿದ್ರೆ ಸಾಕು.

ಕಾಯೋದೇ ಕೆಲಸ

ಉಳಿದ ಹೊತ್ತೆಲ್ಲ ಅದು ಕೊಂಬೆಯ ಮೇಲೆ ಕಲ್ಲಿನ ಹಾಗೆ ಕೂತಿರುತ್ತದೆ. ಕೆಳಗೆ ಹುಲ್ಲು ಅಲುಗಾಡಿತೋ, ಮೇಲಿಂದ ಬಿದ್ದು ಹಿಡಿಯುತ್ತದೆ. ಕೆಲವು ಸಲ ನೆಲದ ಮೇಲೆ ನಡೆದುಕೊಂಡೇ ಬೇಟೆ ಹುಡುಕೋದೂ ಉಂಟು. ಹಾವು, ಓತಿಕ್ಯಾತ ಮುಖ್ಯ ಊಟ. ಕಪ್ಪೆ, ಏಡಿ, ಮೀನು, ಇಲಿ ಸಿಕ್ಕರೆ ಬಿಡಲ್ಲ.

ವಿಷದ ಹಾವನ್ನ ಹೇಗೆ ಹಿಡಿಯುತ್ತೆ? ವಿಷ ಅದಕ್ಕೆ ತಟ್ಟಲ್ಲ ಅಂತ ಭಾವಿಸಬೇಡಿ. ಅದರ ಬಲ ಇರೋದು ಕಾಲಲ್ಲಿ. ಪುಕ್ಕ ಇಲ್ಲದ ಹಳದಿ ಕಾಲಿನ ತುಂಬ ಗಟ್ಟಿ ಹುರುಪೆಗಳು, ಗುರಾಣಿ ಹೊದಿಸಿದ ಹಾಗೆ. ಬೆರಳು ಮೋಟು, ಹಿಡಿತ ಬಿಗಿ. ಜಾರೋ ಮೈಯನ್ನ ಒತ್ತಿ ಹಿಡಿಯೋಕೆ ಹೇಳಿ ಮಾಡಿಸಿದಂತಿದೆ.

ವರ್ಷಕ್ಕೆ ಒಂದು ಮರಿ

ನನ್ನನ್ನ ಯೋಚನೆಗೆ ಹಚ್ಚಿದ್ದು ಇದರ ಸಂಸಾರದ ಲೆಕ್ಕ. ಚಳಿಗಾಲ ಮುಗಿಯುವ ಹೊತ್ತಿಗೆ ಜೋಡಿಗಳು ಆಕಾಶದಲ್ಲಿ ಕೂಗುತ್ತಾ ಸುತ್ತುತ್ತವೆ. ಆಮೇಲೆ ಗಂಡು-ಹೆಣ್ಣು ಎರಡೂ ಸೇರಿ ಎತ್ತರದ ಮರದಲ್ಲಿ ಕಡ್ಡಿಗಳ ಗೂಡು ಕಟ್ಟಿ, ಒಳಗೆ ಹಸಿರೆಲೆ ಹಾಸುತ್ತವೆ. ಹೊಳೆ ಪಕ್ಕದ ಮರ ಅಂದ್ರೆ ಅದಕ್ಕೆ ಇಷ್ಟ.

ಇಡೋದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಅಪರೂಪಕ್ಕೆ ಎರಡಿಟ್ಟರೂ ಬೆಳೆಯೋದು ಒಂದೇ ಮರಿ. ಕಾವು ಕೂರೋದು ಹೆಣ್ಣು, ಅದು ಊಟಕ್ಕೆ ಹೋದಾಗ ಕಾವಲು ಗಂಡಿನದ್ದು. ಸುಮಾರು 41 ದಿನಕ್ಕೆ ಮರಿ ಹೊರಗೆ ಬರುತ್ತದೆ. ಅದು ಗೂಡು ಬಿಟ್ಟು ಹಾರೋಕೆ ಇನ್ನೆರಡು ತಿಂಗಳು ಬೇಕು. ಒಟ್ಟು ನೂರು ದಿನ. ಮೊಟ್ಟೆ ಹಾಳಾದರೆ ಕೆಲವು ವಾರಗಳಲ್ಲಿ ಇನ್ನೊಂದು ಇಡಬಹುದು. ಮರಿ ದೊಡ್ಡದಾದ ಮೇಲೆ ಹೋದರೆ ಆ ವರ್ಷದ ಕಥೆ ಬಹುತೇಕ ಮುಗಿದ ಹಾಗೆ.

ಈಗ ಕ್ಯಾಲೆಂಡರ್ ತೆಗೆದು ನೋಡಿ. ಈ ನೂರು ದಿನ ಬೀಳೋದು ಫೆಬ್ರವರಿಯಿಂದ ಮೇ-ಜೂನ್ ಮಧ್ಯೆ. ಅಂದ್ರೆ ನಮ್ಮ ಲಾಂಗ್ ವೀಕೆಂಡು, ಮಕ್ಕಳ ಬೇಸಿಗೆ ರಜೆ, ಕಾಡಿಗೆ ಬೆಂಕಿ ಬೀಳೋ ಕಾಲ, ಎಲ್ಲ ಒಟ್ಟಿಗೆ. ಮುತ್ತತ್ತಿಯಲ್ಲಿ ನಾವು ಚಾಪೆ ಹಾಸೋದು ಎಲ್ಲಿ? ನೆರಳು ಚೆನ್ನಾಗಿದೆ ಅಂತ ಅದೇ ಹೊಳೆಮತ್ತಿ, ನೇರಳೆ ಮರಗಳ ಕೆಳಗೆ. ಒಲೆ ಹೂಡಿ, ಹೊಗೆ ಹಾಕಿ, ಬ್ಲೂಟೂತ್ ಸ್ಪೀಕರ್ ಹಚ್ಚುತ್ತೇವೆ. ಮೇಲೆ ಒಂದು ಸಂಸಾರ ಇರಬಹುದು ಅನ್ನೋದು ನಮಗೆ ಹೊಳೆಯಲ್ಲ. ಗೂಡಿಂದ ಎದ್ದ ತಾಯಿ ವಾಪಸ್ ಬರೋಕೆ ಹೆದರಿದಷ್ಟು ಹೊತ್ತೂ ಮೊಟ್ಟೆಗೆ ಕಾವಿಲ್ಲ, ಮರಿಗೆ ನೆರಳಿಲ್ಲ.

ಕೊಕ್ಕರೆಗೆ ಊರಿದೆ, ಇದಕ್ಕೆ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನಿಮಗೆ ಗೊತ್ತಿರುತ್ತೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಮನೆಮಗಳು ಅಂತ ಊರವರು ನೋಡಿಕೊಳ್ತಾರೆ. ಗೂಡಿಂದ ಬಿದ್ದ ಮರಿಗಳನ್ನ ಸಾಕೋಕೆ ಹೆಜ್ಜಾರ್ಲೆ ಬಳಗ ಇದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯ್ತು.

ಆ ಊರಿನ ಹತ್ತಿರ ಹರಿಯೋ ಶಿಂಷೆಯೇ ಮುಂದೆ ಮಳವಳ್ಳಿ ತಾಲ್ಲೂಕಲ್ಲಿ ಕಾವೇರಿ ಸೇರಿ ಮುತ್ತತ್ತಿ ಕಡೆ ಹೋಗೋದು. ನೀರು ಒಂದೇ, ಹಕ್ಕಿಗಳ ಅದೃಷ್ಟ ಬೇರೆ. ಹಾವು ಗಿಡುಗ ಗುಂಪಲ್ಲಿ ಬಾಳಲ್ಲ, ಊರ ಹತ್ತಿರ ಬರಲ್ಲ. ಒಂದು ಗೂಡು ಹಾಳಾದ್ರೆ ಯಾರಿಗೂ ಸುದ್ದಿಯಲ್ಲ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ ಇದೆ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಜಗತ್ತಿನ ಲೆಕ್ಕದಲ್ಲಿ ಇದು ಅಳಿವಿನಂಚಿನ ಹಕ್ಕಿಯೂ ಅಲ್ಲ. ಆದರೆ ಒಂದು ಹೊಳೆದಂಡೆಯ ಲೆಕ್ಕ ಬೇರೆ. ಅಲ್ಲಿ ವರ್ಷ ವರ್ಷವೂ ಮರಿ ಹಾರದಿದ್ದರೆ, ಮುದಿ ಜೋಡಿ ಹೋದ ಮೇಲೆ ಆ ಸಿಳ್ಳೆ ನಿಂತೇ ಹೋಗಬಹುದು.

ಹೋಗ್ತೀರಾ? ಇಷ್ಟು ಮಾಡಿ

- ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ರಸ್ತೆ ಬದಿಯ ಬಯಲಲ್ಲಿ ನಿಂತು ಆಕಾಶ ನೋಡಿ. ದಾರಿ ಬಿಟ್ಟು ಕಾಡಿನೊಳಗೆ ಹೋಗಬೇಡಿ.
- ಒಂದು ಸಾಧಾರಣ ಬೈನಾಕ್ಯುಲರ್ ಸಾಕು. ಹತ್ತಿರ ಹೋಗೋ ಕೆಲಸ ತಪ್ಪುತ್ತೆ.
- ಫೋನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಬೇರೆ ಜೋಡಿ ಬಂತು ಅಂತ ಗೂಡು ಬಿಟ್ಟು ಏಳುತ್ತದೆ.
- ಗೂಡು ಕಂಡರೆ ಫೋಟೊ, ಲೊಕೇಶನ್ ಇನ್‌ಸ್ಟಾಗ್ರಾಂಗೆ ಹಾಕಬೇಡಿ.
- ಹೊಳೆ ಪಕ್ಕ ಒಲೆ ಹೂಡಬೇಡಿ. ಊಟ ಕಟ್ಟಿಸಿಕೊಂಡು ಹೋಗಿ, ಕವರ್ ವಾಪಸ್ ತನ್ನಿ.
- ಹೊಲದಲ್ಲಿ ಕೇರೆ ಹಾವು ಕಂಡರೆ ಹೊಡೆಯಬೇಡಿ ಅಂತ ಊರಲ್ಲಿರೋ ಅಪ್ಪನಿಗೆ ಒಂದು ಮಾತು ಹೇಳಿ. ಅದು ಇಲಿ ತಿಂದು ಬೆಳೆ ಉಳಿಸುತ್ತೆ, ಕಾಡಂಚಿನ ಗಿಡುಗಕ್ಕೆ ಊಟವೂ ಹೌದು.

ಕೊಕ್ಕರೆ ಬೆಳ್ಳೂರಿನವರು ಹಕ್ಕಿಯನ್ನ ಮನೆಮಗಳು ಅಂದ್ಕೊಂಡಿದ್ದಕ್ಕೆ ಅವು ಅಲ್ಲಿ ಉಳಿದಿವೆ. ಹಾವು ಗಿಡುಗಕ್ಕೆ ಅಷ್ಟು ಸೇವೆಯೂ ಬೇಡ. ನೂರು ದಿನ ಅದರ ಮರದ ಕೆಳಗೆ ಗಲಾಟೆ ಮಾಡದಿದ್ದರೆ ಸಾಕು.

ನಿಮ್ಮ ಕಡೆ ಈ ಹಕ್ಕಿಗೆ ಏನಂತ ಕರೀತಾರೆ? ಅಜ್ಜಿ-ತಾತನ್ನ ಕೇಳಿ ನಮಗೂ ಬರೆದು ಕಳಿಸಿ.