ಸಂಬಳ ಆಫೀಸಿನದು, ನಾಟಕ ನಮ್ಮದು

ಬೆಂಗಳೂರಿನ ಹವ್ಯಾಸಿ ನಾಟಕ ತಂಡಕ್ಕೆ ಹೊಸಬರು ಸೇರಿದರೆ ಮೊದಲ ದಿನವೇ ಪಾತ್ರ ಹಂಚುವುದು ಕಡಿಮೆ. ಎಲ್ಲರೂ ನೆಲದ ಮೇಲೆ ಸುತ್ತ ಕೂತು ಪರಿಚಯ ಹೇಳಿಕೊಳ್ಳುತ್ತಾರೆ. ಹೆಸರು, ಊರು, ಆಮೇಲೆ ‘ಏನು ಮಾಡ್ಕೊಂಡಿದ್ದೀರಿ?’ ಒಬ್ಬರು ವಿಮಾ ಕಚೇರಿಯಲ್ಲಿ, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಮತ್ತೊಬ್ಬರು ಸಾಫ್ಟ್‌ವೇರು, ಮೂಲೆಯಲ್ಲಿ ಕೂತವರದು ಸ್ವಂತ ಪ್ರಿಂಟಿಂಗ್ ಪ್ರೆಸ್ಸು. ನಿರ್ದೇಶಕರು ಇದನ್ನು ಬರೀ ಕುತೂಹಲಕ್ಕೆ ಕೇಳುವುದಿಲ್ಲ. ಯಾರಿಗೆ ರಾತ್ರಿ ಪಾಳಿ, ಯಾರಿಗೆ ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ತಲೆನೋವು, ಯಾರು ಏಳು ಗಂಟೆಯೊಳಗೆ ಬಂದು ಸೇರಬಲ್ಲರು ಎಂಬುದು ತಿಳಿಯದೆ ತಾಲೀಮು ಗೊತ್ತುಮಾಡಲು ಆಗುವುದಿಲ್ಲ.

ಕನ್ನಡ ಹವ್ಯಾಸಿ ರಂಗಭೂಮಿಯ ಚರಿತ್ರೆಯನ್ನು ನಾಟಕಕಾರರ, ನಿರ್ದೇಶಕರ ಹೆಸರು ಹಿಡಿದು ಬರೆಯುವುದು ರೂಢಿ. ಅಲ್ಲಿ ಬಣ್ಣ ಹಚ್ಚಿದವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ನೋಡುತ್ತ ಹೋದರೆ, ಆ ನಾಟಕಗಳು ಹಾಗೇಕಿದ್ದವು ಎಂಬುದೂ ತಿಳಿಯುತ್ತದೆ.

ಗಲ್ಲಾಪೆಟ್ಟಿಗೆಯ ಭಯವಿಲ್ಲದವರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಟಕವೆಂದರೆ ಕಂಪನಿ ನಾಟಕ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಊರೂರಿಗೆ ಹೋಗಿ ಕ್ಯಾಂಪ್ ಹಾಕುತ್ತಿದ್ದವು. ನಟರಿಗೆ ಅದೇ ಅನ್ನ, ಅದೇ ಮನೆ. ಟಿಕೆಟ್ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಹಾಗಾಗಿ ಹಾಡು, ಝಗಮಗಿಸುವ ಪರದೆ, ರಾತ್ರಿ ಪೂರ್ತಿ ಕಥೆ. ಗುಬ್ಬಿ ವೀರಣ್ಣನವರಂತೂ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು.

1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಇಂದಿಗೂ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದಲ್ಲಿ ಅದರ ಹೆಸರು ಉಳಿದಿದೆ. ಇಂಥ ಸಂಘಗಳಿಗೆ ಬರುತ್ತಿದ್ದವರು ಇಂಗ್ಲಿಷ್ ಓದಿದವರು, ಕಚೇರಿ, ಕೋರ್ಟುಗಳಲ್ಲಿ ಸಂಪಾದನೆಯಿದ್ದವರು. ನಾಟಕ ಬಿದ್ದರೆ ಮಾನ ಹೋದೀತೇ ಹೊರತು ಊಟ ತಪ್ಪುತ್ತಿರಲಿಲ್ಲ. ಅದೇ ಅವರಿಗೆ ಧೈರ್ಯ ಕೊಟ್ಟಿತು.

ಆ ಧೈರ್ಯದ ಮೊದಲ ದೊಡ್ಡ ಫಲ ಟಿ.ಪಿ. ಕೈಲಾಸಂ. ತಂದೆ ಪರಮಶಿವ ಅಯ್ಯರ್ ನ್ಯಾಯಮೂರ್ತಿಗಳು. ಮಗ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆ ಸೇರಿದರು. ಕಲ್ಲು, ಗಣಿ ನೋಡಬೇಕಾದ ಅಧಿಕಾರಿ ನೋಡಿದ್ದು ಬೆಂಗಳೂರಿನ ಪಡಸಾಲೆಗಳನ್ನು. ‘ಟೊಳ್ಳುಗಟ್ಟಿ’, ‘ಬಂಡ್ವಾಳಿಲ್ಲದ ಬಡಾಯಿ’ಗಳಲ್ಲಿ ರಾಜರಿಲ್ಲ, ದೇವತೆಗಳಿಲ್ಲ. ಪರೀಕ್ಷೆಯೇ ಪ್ರಾಣವೆಂದುಕೊಂಡ ಮನೆ ಇದೆ, ಕಕ್ಷಿದಾರರಿಲ್ಲದೆ ಬಡಾಯಿ ಕೊಚ್ಚುವ ವಕೀಲನಿದ್ದಾನೆ. ಆಡುವವರೂ ನೋಡುವವರೂ ಅಂಥ ಮನೆಗಳಿಂದಲೇ ಬಂದವರಾದ್ದರಿಂದ, ಇಂಗ್ಲಿಷ್ ಬೆರೆಸಿದ ಆ ಕನ್ನಡ ರಂಗದ ಮೇಲೆ ಸಲೀಸಾಗಿ ನಿಂತಿತು. ಕೊನೆಗೆ ಕೈಲಾಸಂ ಕೆಲಸವನ್ನೇ ಬಿಟ್ಟರು. ಧಾರವಾಡದಲ್ಲಿ ನಾಟಕಕಾರ ಶ್ರೀರಂಗರದು ಬೇರೆ ದಾರಿ. ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಲೇ ಸಮಾಜವನ್ನು ಚುಚ್ಚುವ ನಾಟಕಗಳನ್ನು ಸಾಲುಸಾಲಾಗಿ ಬರೆದರು.

ಸೈರನ್ ಕೂಗಿದ ಮೇಲೆ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿಗೆ ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಜೊತೆಗೆ ಕಾಲೊನಿ, ಕಾಲೊನಿಗೊಂದು ಸಭಾಂಗಣ, ಕಾರ್ಖಾನೆಗೊಂದು ಕನ್ನಡ ಸಂಘ. ರಾಜ್ಯೋತ್ಸವ ಬಂತೆಂದರೆ ನಾಟಕ ಆಗಲೇಬೇಕು. ಮೊದಲ ಪಾಳಿ ಮುಗಿಸಿದವರಿಗೆ ಸಂಜೆ ಪೂರ್ತಿ ಕೈಯಲ್ಲಿರುತ್ತಿತ್ತು. ಮೇಕಪ್ಪು, ಬಟ್ಟೆ ಬಾಡಿಗೆಗೆ ತಂದರೂ ಸೆಟ್ ಕಟ್ಟಲು ಹೊರಗಿನವರು ಬೇಕಿರಲಿಲ್ಲ. ಮರಗೆಲಸ ಬಲ್ಲವರು, ವೈರಿಂಗ್ ಬಲ್ಲವರು, ವೆಲ್ಡಿಂಗ್ ಮಾಡುವವರು ತಂಡದೊಳಗೇ ಇದ್ದರು.

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಶಾಖೆಗಳು ಹೆಚ್ಚಿದವು, ಖಾಯಂ ನೌಕರಿಯ ಓದಿದ ಯುವಕರ ದೊಡ್ಡ ದಂಡೇ ಬಂತು. ಇದೂ ರಂಗಕ್ಕೆ ಒದಗಿತು. ಚಿತ್ರದುರ್ಗದ ಇಬ್ಬರು ಅಣ್ಣತಮ್ಮಂದಿರನ್ನೇ ನೋಡಿ. ಎಚ್.ಜಿ. ಸೋಮಶೇಖರ ರಾವ್ ಕೆನರಾ ಬ್ಯಾಂಕಿನಲ್ಲಿದ್ದವರು. ದತ್ತಣ್ಣ ಎಂದೇ ನಾವು ಕರೆಯುವ ಎಚ್.ಜಿ. ದತ್ತಾತ್ರೇಯ ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು, ಆಮೇಲೆ ಎಚ್‌ಎಎಲ್‌ನಲ್ಲಿ ದುಡಿದವರು. ಇಬ್ಬರೂ ನಾಟಕ, ಸಿನಿಮಾ ಎರಡರಲ್ಲೂ ಮನೆಮಾತಾದರು.

ಬ್ಯಾಂಕ್ ನೌಕರಿಗೆ ಒಂದು ಶಾಪವೂ ಇತ್ತು, ವರ್ಗಾವಣೆ. ಪ್ರದರ್ಶನ ಹತ್ತಿರ ಬಂದಾಗ ನಾಯಕನಿಗೆ ಆರ್ಡರ್ ಬಂದರೆ ತಂಡವೇ ತಲೆಮೇಲೆ ಕೈಹೊತ್ತು ಕೂರಬೇಕು. ನಾಟಕ ತಪ್ಪುತ್ತದೆಂದು ಬಡ್ತಿಯನ್ನೇ ಬೇಡವೆಂದವರ ಕಥೆಗಳು ಹಳೆಯ ತಂಡಗಳಲ್ಲಿ ಈಗಲೂ ಓಡಾಡುತ್ತವೆ.

ಮೇಷ್ಟ್ರುಗಳ ಬಯಲಾಟ

1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಆಡಿಸಿದರು. ಕನ್ನಡ ರಂಗಭೂಮಿ ಅಲ್ಲಿಂದ ಹೊಸ ದಾರಿ ಹಿಡಿಯಿತು ಎಂದು ಎಲ್ಲರೂ ಒಪ್ಪುತ್ತಾರೆ. ಅದರ ಹಿಂದಿದ್ದವರ ಜೀವನೋಪಾಯ ನೋಡಿ: ‘ಸಂಕ್ರಾಂತಿ’ ಬರೆದ ಲಂಕೇಶ್ ಇಂಗ್ಲಿಷ್ ಮೇಷ್ಟ್ರು, ‘ಜೋಕುಮಾರಸ್ವಾಮಿ’ ಬರೆದ ಕಂಬಾರರು ಕನ್ನಡ ಮೇಷ್ಟ್ರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಾರಂತರೂ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿ ಬಂದವರು. ಗಿರೀಶ ಕಾರ್ನಾಡರು 1964ರಲ್ಲಿ ‘ತುಘಲಕ್’ ಪ್ರಕಟಿಸಿದಾಗ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ನೌಕರರು. ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತಿದ್ದುದರಿಂದ ಗ್ರೀಕ್ ದುರಂತವನ್ನೂ ಹಳ್ಳಿಯ ಜಾನಪದವನ್ನೂ ಜನ ಬಂದಾರೋ ಇಲ್ಲವೋ ಎಂದು ಲೆಕ್ಕ ಹಾಕದೆ ಕೈಗೆತ್ತಿಕೊಳ್ಳಲು ಸಾಧ್ಯವಾಯಿತು.

ನಾಟಕದ ಅಳತೆಯನ್ನೂ ನೌಕರಿಯೇ ನಿರ್ಧರಿಸಿತು. ಮಾರನೆಯ ಬೆಳಿಗ್ಗೆ ಹಾಜರಿ ಹಾಕಬೇಕು, ಪ್ರೇಕ್ಷಕರು ಕೊನೆಯ ಸಿಟಿ ಬಸ್ ಹಿಡಿಯಬೇಕು. ರಾತ್ರಿ ಪೂರ್ತಿ ನಡೆಯುತ್ತಿದ್ದ ಆಟ ಎರಡು ಗಂಟೆಗೆ ಇಳಿಯಿತು, ಹತ್ತಾರು ಪರದೆಗಳ ಜಾಗದಲ್ಲಿ ಒಂದೆರಡು ಮಟ್ಟಿನ ಪೆಟ್ಟಿಗೆಗಳು ಬಂದವು.

ಹೆಗ್ಗೋಡು ಎಂಬ ಹಳ್ಳಿಯ ಮಾತೇ ಬೇರೆ. 1949ರಲ್ಲಿ ಅಲ್ಲಿ ಶುರುವಾದ ನೀನಾಸಂ ನಾಟಕ ಸಂಘವನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರು. ಅವರ ಜೊತೆ ನಿಂತವರೂ ಸುತ್ತಲಿನ ತೋಟದವರು, ಮೇಷ್ಟ್ರುಗಳು. ಅಡಿಕೆ ಕೊಯ್ಲು, ಸುಲಿತದ ದಿನಗಳಲ್ಲಿ ತೋಟದವರನ್ನು ತಾಲೀಮಿಗೆ ಕರೆದರೆ ಯಾರು ಬಂದಾರು? ಆ ಹಳ್ಳಿಯ ಹವ್ಯಾಸವೇ ಬೆಳೆದು 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ತಂಡ ಆಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮೂರನೆಯ ಪಾಳಿ

ಈ ಕಥೆಯಲ್ಲಿ ಹೆಂಗಸರ ಪಾಲು ಮಾತ್ರ ಸಲೀಸಾಗಿರಲಿಲ್ಲ. ಗಂಡಸಿಗೆ ಆಫೀಸು, ನಾಟಕ ಎಂದು ಎರಡು ಪಾಳಿಯಾದರೆ ಕೆಲಸಕ್ಕೆ ಹೋಗುವ ಹೆಣ್ಣಿಗೆ ನಡುವೆ ಅಡುಗೆಮನೆಯದೂ ಒಂದು ಸೇರಿ ಮೂರು. ತಾಲೀಮು ಮುಗಿದಾಗ ಗಂಟೆ ಹತ್ತು, ಮನೆಗೆ ಬಿಡುವವರು ಯಾರು ಎಂಬ ಪ್ರಶ್ನೆ ಬೇರೆ. ಒಳ್ಳೆಯ ನಟಿಯರು ಮದುವೆಯಾದ ಮೇಲೆ ಕಾಣೆಯಾಗುವುದು ಹವ್ಯಾಸಿ ತಂಡಗಳ ಹಳೆಯ ನೋವು, ಅದು ಇನ್ನೂ ಪೂರ್ತಿ ಮುಗಿದಿಲ್ಲ.

ಈಗ ಐದು ಗಂಟೆಗೆ ಬಿಡುವ ಕಚೇರಿಗಳೇ ಅಪರೂಪ. ತಾಲೀಮು ಶನಿವಾರ, ಭಾನುವಾರಕ್ಕೆ ಸರಿದಿದೆ. ವಾರದ ನಡುವೆ ಸೇರಿದರೆ ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್ ತೂಗಿಸಿಕೊಂಡೇ ಸುಲ್ತಾನ ಸಿಂಹಾಸನದ ಮೇಲೆ, ಅಂದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾನೆ. ಮಂತ್ರಿ ಇನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿರುತ್ತಾನೆ. ಅವನ ಮಾತನ್ನು ಪ್ರಾಂಪ್ಟರ್ ಓದುತ್ತಾರೆ. 2004ರಲ್ಲಿ ಆರಂಭವಾದ ರಂಗಶಂಕರದಲ್ಲಂತೂ ಆಟ ಶುರುವಾಗುವುದು ಕರಾರುವಾಕ್ಕಾಗಿ. ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಅದು ಯಾರ ನೆನಪಿನ ರಂಗಮಂದಿರವೋ ಆ ಶಂಕರ್‌ನಾಗ್ ಕೂಡ ಮುಂಬೈಯಲ್ಲಿ ಬ್ಯಾಂಕಿನ ಕೆಲಸ ಮಾಡುತ್ತ ಮರಾಠಿ ನಾಟಕಗಳಲ್ಲಿ ಪಳಗಿದವರು.

ಖರ್ಚಿನ ಪಟ್ಟಿ ನೋಡಿದರೆ ಹವ್ಯಾಸದ ಬೆಲೆ ಗೊತ್ತಾಗುತ್ತದೆ. ರಂಗಮಂದಿರದ ಬಾಡಿಗೆ, ಬೆಳಕಿನ ಸಾಮಾನು, ಬಟ್ಟೆ, ಸೆಟ್ ಸಾಗಿಸುವ ಟೆಂಪೊ, ಮೇಕಪ್ಪಿನವರು ಎಲ್ಲರಿಗೂ ದುಡ್ಡು ಹೋಗುತ್ತದೆ. ನಟನಿಗೆ ಮಾತ್ರ ಏನೂ ಇಲ್ಲ. ಎಷ್ಟೋ ಸಲ ಅವನೇ ಜೇಬಿನಿಂದ ಹಾಕಿರುತ್ತಾನೆ. ಕಳೆದ ನೂರು ವರ್ಷಗಳಲ್ಲಿ ಕನ್ನಡ ನಾಟಕಕ್ಕೆ ಸಿಕ್ಕ ದೊಡ್ಡ ಅನುದಾನ ಈ ಗುಮಾಸ್ತರ, ಮೇಷ್ಟ್ರುಗಳ, ಫಿಟ್ಟರುಗಳ ಸಂಬಳ. ಅದು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ.

ಹಾಗಾಗಿ ಪಕ್ಕದ ಮೇಜಿನ ಸಹೋದ್ಯೋಗಿ ‘ಭಾನುವಾರ ನಂದೊಂದು ನಾಟಕ ಇದೆ, ಬನ್ನಿ’ ಎಂದರೆ ಪಾಸ್ ಕೇಳಬೇಡಿ. ಟಿಕೆಟ್ ಕೊಂಡು ಹೋಗಿ, ಇನ್ನಿಬ್ಬರನ್ನು ಕರೆದುಕೊಂಡು ಹೋಗಿ.